ಗುಳಿಗೆಯ ಸಿಟ್ಟು

ಗೋಡೆಯ ಕ್ಯಾಲೆಂಡರು ಇರುವುದು ತಾರೀಖು ತೋರಿಸುವುದಕ್ಕೆ ಮಾತ್ರವೆಂದು ನೀವು ನಂಬಿದ್ದರೆ, ನಿಮ್ಮದು ಇನ್ನೂ ಹೊಸ ಸಂಸಾರವೆಂದೇ ಅರ್ಥ. ಹಾಲಿನವಳು ತಪ್ಪಿಸಿದ ದಿನ, ಅಮಾವಾಸ್ಯೆ, ನೆಂಟರ ಮನೆಯ ಮದುವೆ, ಎಲ್ಲವೂ ಕೊನೆಗೆ ಅದರ ಮೈಮೇಲೆಯೇ ಬರುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ, ವಿಜಾಪುರದ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇವುಗಳ ಜೊತೆಗೆ ತಿಂಗಳಿಗೆ ಹನ್ನೆರಡರಂತೆ ಕೆಂಪು ಗುಣಾಕಾರ ಚಿಹ್ನೆಗಳಿದ್ದವು. ಅವು ನನ್ನ ಗುಳಿಗೆಯ ದಿನಗಳು. ನಮ್ಮ ಯಜಮಾನರು ಜನವರಿಯಲ್ಲೇ ಕೆಂಪು ಪೆನ್ಸಿಲು ಹಿಡಿದು ಕೂತು ಇಡೀ ವರ್ಷದ ಗುರುತು ಹಾಕಿ ಮುಗಿಸಿದ್ದರು.

ಆಗ ನನಗೆ ನಲವತ್ತೇಳು. ಮುಟ್ಟು ನಿಲ್ಲುವ ಕಾಲ. ನಿಂತಿತೆಂದರೆ ಬರುತ್ತಿತ್ತು, ಬಂತೆಂದರೆ ನಿಲ್ಲುತ್ತಿರಲಿಲ್ಲ. ಮಾರ್ಗಶಿರದ ಚಳಿಯಲ್ಲೂ ಮೈಯಿಂದ ಝಳ ಏಳುತ್ತಿತ್ತು. ಸೊಲ್ಲಾಪುರದ ಲೇಡಿ ಡಾಕ್ಟರು ಎರಡು ಬಗೆಯ ಗುಳಿಗೆ ಬರೆದುಕೊಟ್ಟರು: ಒಂದು ಝಳ ಆರಿಸಲು, ಇನ್ನೊಂದು, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ವಂಶದ್ದು, ಮೊದಲನೆಯದು ಗರ್ಭಕೋಶಕ್ಕೆ ಕೇಡು ಮಾಡದಂತೆ ತಿಂಗಳಿಗೆ ಹನ್ನೆರಡು ದಿನ ಕಾವಲಿಗೆ. ಕಾವಲಿಗೆ ಬಂದ ಈ ಮಹಾಶಯ ಮನೆಯನ್ನೇ ಆಕ್ರಮಿಸಿಕೊಂಡ. ಹೊಟ್ಟೆ ಉಬ್ಬಿ, ದೀಪಾವಳಿಗೆ ಹೊಲಿಸಿದ ಕುಪ್ಪಸದ ಹುಕ್ಕುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ನಾನು ಕಲಿಸುತ್ತಿದ್ದ ತಿಕೋಟಾದ ಸಾಲೆಯಲ್ಲಿ ಹದಿಮೂರರ ಮಗ್ಗಿ ಕೇಳುತ್ತಲೇ ನಿದ್ದೆಹೋದೆ. ಅಕ್ಕೋರು ಏಳಲಿಲ್ಲವೆಂದು ಮಕ್ಕಳು ದಯೆಯಿಂದ ಮತ್ತೆ ಮೊದಲಿನಿಂದ ಹೇಳಿದರು. ಬಸ್ಸಿನಲ್ಲಿ ಕಂಡಕ್ಟರ್ "ಕುಂಡ್ರ ಬರ್ರಿ ಅಕ್ಕೋರ" ಎಂದು ಜಾಗ ಬಿಡಿಸಿಕೊಟ್ಟದ್ದಕ್ಕೆ ಅಥಣಿ ರಸ್ತೆಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ ಬಂದೆ. ನುಂಗಿದರೆ ಈ ಕಾಟ, ಬಿಟ್ಟರೆ ಝಳ, ಬಾಯಲ್ಲಿ ಬಿಸಿತುಪ್ಪ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ: ನನ್ನ ಸಿಟ್ಟು ನನ್ನದಾಗಿ ಉಳಿಯಲಿಲ್ಲ. ಸಾರವಾಡದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನನ್ನ ಮೈದುನ ಪ್ರತಿ ಭಾನುವಾರ ಸಂತೆಗೆ ಬರುವಾಗ ಐದಾರು ಜನರನ್ನು ಹೇಳದೆ ಕೇಳದೆ ಊಟಕ್ಕೆ ಕರೆತರುತ್ತಿದ್ದ. ವಾರಕ್ಕೊಂದೇ ರಜೆ, ಅದೂ ರೊಟ್ಟಿ ಬಡಿಯುವುದರಲ್ಲೇ ಹೋಗುತ್ತಿತ್ತು. ಮೊದಲೇ ತಿಳಿಸಿ ಎಂದು ನಾನು ದನಿ ಎತ್ತಿದರೆ ಸಾಕು, ಎಲ್ಲರ ಕಣ್ಣೂ ನನ್ನ ಮುಖ ಬಿಟ್ಟು ಕ್ಯಾಲೆಂಡರಿನ ಕಡೆಗೆ ಹೊರಳುತ್ತಿದ್ದವು. ಗುರುತಿದ್ದರೆ ಗುಳಿಗೆಯ ಸಿಟ್ಟು. ಇಲ್ಲದಿದ್ದರೆ ಹಿಂದಿನ ಗುಳಿಗೆಯ ಶೇಷ! ನಾಚಿಕೆಯ ಮಾತೆಂದರೆ, ಬರಬರುತ್ತ ನಾನೂ ಹಾಗೆಯೇ ನೋಡತೊಡಗಿದೆ. ಸಿಟ್ಟು ಬಂದೊಡನೆ ಕ್ಯಾಲೆಂಡರಿನ ಅಪ್ಪಣೆ ಕೇಳಿ ನುಂಗಿಕೊಳ್ಳುತ್ತಿದ್ದೆ. ಹೀಗೇ ಹೋದರೆ ನಾನೆಂಬುವಳು ಉಳಿಯುವುದಾದರೂ ಎಲ್ಲಿ ಎಂದು ನಿಜವಾಗಿಯೂ ಹೆದರಿಕೆಯಾಯಿತು.

ನನ್ನ ಗೋಳಿನ ಪತ್ರ ಓದಿದ ಡಾಕ್ಟರು ಎರಡೂ ಗುಳಿಗೆಗಳನ್ನು ಒಂದು ತಿಂಗಳು ನಿಲ್ಲಿಸಿ ನೋಡೋಣವೆಂದು ಬರೆದರು. ಊಟದ ಹೊತ್ತಿನಲ್ಲಿ ಈ ಸುದ್ದಿಯನ್ನು ಎಲ್ಲರಿಗೂ ಹೇಳಿದೆ. ಯಜಮಾನರು ಹೂಂ ಎಂದು ಮಜ್ಜಿಗೆ ಕೇಳಿದರು.

ಆ ತಿಂಗಳ ಮೂರನೆಯ ಭಾನುವಾರ ಮೈದುನನ ಹಿಂದೆ ಏಳು ಜನ ಬಂದರು. ನಾನು ಹಿಟ್ಟಿನ ಕೈ ಹಾಗೇ ಬಿಟ್ಟು ಎದ್ದು, ಇನ್ನು ಒಂದು ರೊಟ್ಟಿಯನ್ನೂ ಬಡಿಯುವುದಿಲ್ಲ ಎಂದೆ. ಯಜಮಾನರು ಕ್ಯಾಲೆಂಡರ್ ನೋಡಿ, ತಮ್ಮನಿಗೆ ಸಮಾಧಾನ ಹೇಳಿದರು: "ಸುಮ್ಮನಿರೋ, ಗುಳಿಗಿ ದಿನ ಅದಾವ."

"ಈ ತಿಂಗಳ ಒಂದ ಗುಳಿಗಿನೂ ನುಂಗಿಲ್ಲರಿ ನಾ," ಎಂದೆ. "ಇದು ನಂದ ಸಿಟ್ಟು."

ಆ ತಿಂಗಳಿಗೆಂದು ತಂದು ಮುಚ್ಚಳವನ್ನೂ ತೆರೆಯದಿದ್ದ ಗುಳಿಗೆಯ ಶೀಶೆಯನ್ನು ಅವರ ಮುಂದಿಟ್ಟೆ. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ನನಗೆ ಮಾತ್ರ, ಹೇಳಲು ಸಂಕೋಚವಾದರೂ ಹೇಳುತ್ತೇನೆ, ಕಳೆದುಹೋದ ಒಡವೆ ಸಿಕ್ಕಷ್ಟು ಆನಂದವಾಗಿತ್ತು.

ಕಂಬಕ್ಕೊರಗಿ ಕೂತಿದ್ದ ಅತ್ತೆ ಆಗ ಬಾಯಿ ತೆರೆದರು. "ಆ ವಯಸ್ಸಿನ್ಯಾಗ ನನಗೂ ಹಿಂಗ ಬರ್ತಿತ್ತ ತಂಗಿ. ಆವಾಗ ಗುಳಿಗಿ ಇರಲಿಲ್ಲ, ಗಾಳಿ ಸೋಂಕೈತಿ ಅಂತ ತಾಯತ ಕಟ್ಟಿದ್ರು. ನಾ ಏನ್ ಅಂದ್ನಿ ಅಂತ ಯಾರೂ ಕೇಳಲಿಲ್ಲ."

ಯಜಮಾನರ ಕಣ್ಣು ಕ್ಯಾಲೆಂಡರು ಬಿಟ್ಟು ತಾಯಿಯ ಕಡೆಗೆ ಹೊರಳಿತು. ಅತ್ತೆಯ ರಟ್ಟೆಯಲ್ಲಿ ಆ ತಾಯತ ಇನ್ನೂ ಇತ್ತು. ಅದು ಯಾತಕ್ಕೆಂದು ನಾವು ಯಾರೂ ಅವರನ್ನು ಕೇಳಿರಲಿಲ್ಲ.

ಮುಂದಿನ ತಿಂಗಳು ಅರ್ಧ ಪ್ರಮಾಣದಲ್ಲಿ ಗುಳಿಗೆ ಮತ್ತೆ ಶುರುವಾಯಿತು. ನಿದ್ದೆ, ಕಣ್ಣೀರು, ಹೊಟ್ಟೆಯುಬ್ಬರ ಬೇಕಾದರೆ ಅದರ ಪಾಲಿಗಿರಲಿ. ಸಿಟ್ಟನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಕ್ಯಾಲೆಂಡರಿನ ಕೆಂಪು ಗುರುತುಗಳನ್ನೆಲ್ಲ ಯಜಮಾನರೇ ರಬ್ಬರಿನಿಂದ ಉಜ್ಜಿ ಅಳಿಸಿದ್ದರು. ಭಾನುವಾರಗಳ ಪಕ್ಕದಲ್ಲಿ ಮಾತ್ರ ಅವರ ಅಕ್ಷರದಲ್ಲಿ ಒಂದೊಂದು ಅಂಕಿ ಇತ್ತು, ಸಾರವಾಡದಿಂದ ಎಷ್ಟು ಜನ ಬರುತ್ತಾರೆಂದು.