ಬಶಿಗೆ ಇಳಿದ ಚಾ

ಬಿಜಾಪುರಕ್ಕೆ ವರ್ಗವಾಗಿ ಬಂದ ದಿನ, ಮನೆಯೊಡತಿ ತಿಕೋಟದ ಗಂಗವ್ವ ಕಪ್ಪು ತುಂಬಿದ ಮೇಲೂ ಸುರಿಯುವುದನ್ನು ನಿಲ್ಲಿಸಲಿಲ್ಲ. ಚಾ ಬಶಿಗೆ ಇಳಿಯಿತು, ನಾನು ಹೌಹಾರಿದೆ. "ತಗೋರಿ ಬಾಯಾರ, ಬಶಿ ತುಂಬಲಿಲ್ಲಂದ್ರ ಅದೆಂಥಾ ಚಾರಿ?" ಅಂದರು. ಬಶಿ ಎಂದರೆ ನಮ್ಮ ಸಾಸರು. ಬಾಯಾರು ಎಂದರೆ ಪಾಠ ಹೇಳುವ ಮೇಡಮ್ಮು.

ನಮ್ಮ ಮೈಸೂರಿನಲ್ಲಿ ಸುರಿದ ಕಾಫಿ ಲೋಟದ ಅಂಚಿನವರೆಗೆ ಬಂದರೆ ಅಮ್ಮ ಗದರುತ್ತಿದ್ದಳು. ಇಲ್ಲಿ ಅನ್ನದ ಬದಲು ಖಡಕ್ ರೊಟ್ಟಿ, ಶಾಲೆಗೆ ಸಾಲಿ. ಕನ್ನಡವನ್ನೇ ಆಡುವ ಊರಿನಲ್ಲಿ ನಾನು ಪರದೇಶಿ.

ನನಗಿಂತ ಪರದೇಶಿ ಇನ್ನೊಬ್ಬಳಿದ್ದಳು. ಸಿದ್ಧೇಶ್ವರ ಗುಡಿಯ ಹತ್ತಿರ ನಾನಿದ್ದ ಮನೆಯ ಕೆಳಗಡೆಯೇ ಹಲ್ಲಿನ ದವಾಖಾನೆ ಇಟ್ಟಿದ್ದ ಚೀನೀ ವೈದ್ಯನ ಹೆಂಡತಿ, ಲಿನ್. ದವಾಖಾನೆಗೆ ಸಾಹೇಬರ ಮನೆಯವರು ಬಂದರೆ ಮಾತಾಡಬೇಕಲ್ಲ ಎಂದು ಸಂಜೆ ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದಳು. 'ಟೇಕ್' ಎಂಬ ಒಂದೇ ಪದ ನಮ್ಮಿಬ್ಬರ ಜೀವ ತಿಂದಿತು. ಇಂಗ್ಲಿಷಿನವರು ಚಹಾ, ಬಸ್ಸು, ಸ್ನಾನ, ಫೋಟೊ, ರಜೆ ಎಲ್ಲವನ್ನೂ ಟೇಕ್ ಮಾಡುತ್ತಾರೆ. ಅವಳ ಭಾಷೆಯಲ್ಲಿ ಕುಡಿಯುವುದು, ಹತ್ತಿ ಕೂರುವುದು, ತೊಳೆಯುವುದು, ಒಂದೊಂದಕ್ಕೂ ಬೇರೆ ಮಾತು. "ಬಸ್ಸು ಕೈಲೆ ಹೆಂಗ ತಗೋಬೇಕ್ರಿ?" ಎಂದು ಈ ಊರಲ್ಲೇ ಕಲಿತ ಕನ್ನಡದಲ್ಲಿ ಕೇಳಿ ನಗುತ್ತಿದ್ದಳು.

ನಗುವಿನ ಹಿಂದೆ ಸಂಕಟವಿತ್ತು. ನಾಲ್ಕು ಜನ ಬಂದು ಹೋಗುವ ಮನೆ ತನ್ನದಾಗಬೇಕೆಂಬ ಆಸೆ ಅವಳಿಗೆ. ಒಮ್ಮೆ ಬಂದ ನೆರೆಯವರು ಮತ್ತೆ ಅತ್ತ ಹಾಯುತ್ತಿರಲಿಲ್ಲ. "ಮುಕ್ಕಾಲ ಕಪ್ಪ ಕೊಡತಾಳ್ರಿ, ಜಿಪುಣಿ," ಎಂಬುದು ಗಂಗವ್ವನ ತೀರ್ಪು.

ಒಂದು ಸಂಜೆ 'ಟೇಕ್ ಟೀ' ಹೇಳಿಕೊಡುತ್ತ, ಊರ ರೂಢಿಯಂತೆ ಅವಳ ಬಶಿ ತುಂಬುವವರೆಗೆ ಸುರಿದೆ. ಲಿನ್ ಮುಖ ಸಪ್ಪಗಾಯಿತು, ಎದ್ದು ನಿಂತಳು.

"ಹೋಗ್ಲೇನ್ರಿ? ನಮ್ಮಲ್ಲಿ ಕಪ್ಪ ತುಂಬಿಸಿದ್ರ, ಸಾಕು, ಎದ್ದು ಹೋಗ್ರಿ ಅಂತ."

ಕೈಹಿಡಿದು ಕೂರಿಸಿದೆ. ವಿಷಯ ಕೇಳಿದ ಗಂಗವ್ವ, "ಅಯ್ಯ, ಮರ್ಯಾದಿ ಕೊಟ್ಟು ಕಡಿಮಿ ಹಾಕ್ಯಾಳ, ನಾವು ಏನೇನೋ ಅಂದೀವಿ!" ಎಂದು ಮರುದಿನವೇ ಹೋಗಿ ಅವಳ ಮನೆಯಲ್ಲಿ ಕೂತರು. ಆಮೇಲೆ ಅಲ್ಲಿ ಜನವೋ ಜನ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಗಡಿಯಲ್ಲಿ ಚೀನಾದೊಂದಿಗೆ ಯುದ್ಧ ಶುರುವಾದ ಮೇಲೆ ದವಾಖಾನೆಗೆ ಬರುವವರು ನಿಂತರು. ಗಂಡಹೆಂಡತಿ ಕಲ್ಕತ್ತೆಯ ಅಣ್ಣನ ಮನೆಗೆ ಹೊರಟರು. ಆ ದಿನ ಲಿನ್ ನನಗೂ ಗಂಗವ್ವನಿಗೂ ಚಾ ಸುರಿದಳು. ಕಪ್ಪು ತುಂಬಿತು, ಬಶಿ ತುಂಬಿತು. "ತಗೋರಿ," ಎಂದಳು.

"ನೋಡ್ರಿ ಬಾಯಾರ, ಇವತ್ತ ಖರೇನ ನಮ್ಮೂರಾಕಿ ಆಗ್ಯಾಳ," ಎಂದು ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಪ್ಪು ತುಂಬಿದ್ದು ನಮ್ಮದು, ಎದ್ದು ಹೋಗಬೇಕಾಗಿದ್ದವಳು ಮಾತ್ರ ಲಿನ್.

ಈಗ ಮೈಸೂರಿಗೆ ಮರಳಿದ್ದೇನೆ. ಕಾಫಿ ತುಂಬಿಸಿ ಚೆಲ್ಲುತ್ತೇನೆಂದು ತಂಗಿ ಗದರುತ್ತಾಳೆ. "ಬಶಿ ಕೊಡೇ," ಎನ್ನುತ್ತೇನೆ. ಈ ಮನೆಯಲ್ಲಿ ಆ ಮಾತು ಯಾರಿಗೂ ಗೊತ್ತಿಲ್ಲ.