ಹಗ್ಗ ಹಿಡಿದ ಸ್ಕೂಲು

ಸೊಂಟದಲ್ಲಿ ಪಿಸ್ತೂಲು ಇದ್ದವನು ಬೆಂಚಿನ ಮೇಲೇ ಕೂತಿದ್ದ, ಐದು ವರ್ಷದ ಮಕ್ಕಳು ಬುತ್ತಿ ಮುಚ್ಚಿಕೊಂಡು ವಾಪಸು ಹೋದವು. ಆಗಿದ್ದು ಇಷ್ಟೇ.

ಮಗಳಿರುವ ಪರದೇಶದ ಊರು ಎಡಿಸನ್‌ನಲ್ಲಿ ಮೊಮ್ಮಗಳ ಕ್ಲಾಸಿನವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ನಾನೂ ಮಗಳೂ ಜೊತೆಗಿದ್ದೆವು. ಇಲ್ಲಿ ಮಕ್ಕಳೆಲ್ಲ ಒಂದೇ ಹಗ್ಗ ಹಿಡಿದು ಸಾಲಾಗಿ ನಡೆಯುತ್ತವೆ. ಗಾಳಿಗೆ ಮೊಮ್ಮಗಳ ಟೋಪಿ ಹಾರಿತು. ಬೆಂಚಿನಲ್ಲಿದ್ದ ಒಬ್ಬ ನಗುನಗುತ್ತಲೇ ಬಗ್ಗಿ ಎತ್ತಿಕೊಟ್ಟ. ಅಂಗಿ ಮೇಲೆ ಸರಿದು ಪಿಸ್ತೂಲು ಕಂಡಿತು.

ಟೀಚರ್ ಹುಡುಗಿ ಪೊಲೀಸನ್ನು ಕರೆಸಿದಳು. ಅವನ ಹತ್ತಿರ ಲೈಸೆನ್ಸ್ ಇತ್ತು. ‘ಸ್ಕೂಲಿಗೆ ತರಬಾರದು ಅಂತ ಗೊತ್ತು. ಇಲ್ಲಿ ಸ್ಕೂಲೆಲ್ಲಿದೆ?’ ಅಂದನಂತೆ. ಅವಳು ಹಗ್ಗ ಎತ್ತಿ ತೋರಿಸಿ, ‘ಇದೇ ಸ್ಕೂಲು’ ಅಂದಳಂತೆ. ಪೊಲೀಸಿನವನು ಯಾರಿಗೋ ಫೋನ್ ಮಾಡಿ ತಲೆ ಕೆರೆದುಕೊಂಡ.

‘ಏನಂತೆ?’ ಅಂತ ಮಗಳನ್ನು ಕೇಳಿದೆ.

‘ಪಾರ್ಕಿಗೆ ಬಂದ ಮಕ್ಕಳನ್ನೂ ಸ್ಕೂಲು ಅನ್ನಬೇಕೋ ಬೇಡವೋ, ಅವರಿಗೂ ಗೊತ್ತಿಲ್ವಂತೆ. ಆ ಕಾನೂನಿನ ಮೇಲಿನ ಕೇಸು ಇನ್ನೂ ಕೋರ್ಟಲ್ಲಿದೆಯಂತೆ.’

‘ಕೋರ್ಟು ಹೇಳೋ ತನಕ ಮಕ್ಕಳು ಎಲ್ಲಿ ಕೂತು ತಿನ್ನಬೇಕಂತೆ?’

‘ಮೆಲ್ಲಗಮ್ಮ.’

ಮೆಲ್ಲಗೆ ಯಾಕೆ, ಅವನಿಗೇನು ಕನ್ನಡ ಬರುತ್ತದೆಯೇ? ಪಿಸ್ತೂಲಿನವನು ಬೆಂಚು ಬಿಟ್ಟು ಏಳಲಿಲ್ಲ. ಟೀಚರ್ ಹುಡುಗಿ ಮಕ್ಕಳನ್ನು ಬಸ್ಸು ಹತ್ತಿಸಿದಳು.

ಮಾರನೇ ದಿನ ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿನ ಬಾಗಿಲಿಗೆ ಬಿಟ್ಟು, ಮಗಳಿಗೆ ಹೇಳದೆ ಪಾರ್ಕಿಗೆ ಹೋದೆ. ಅದೇ ಬೆಂಚಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಚೀಲವನ್ನು ಒಂದು ಪಕ್ಕಕ್ಕೂ ಸ್ವೆಟರನ್ನು ಇನ್ನೊಂದು ಪಕ್ಕಕ್ಕೂ ಇಟ್ಟೆ. ಅವನು ಬಂದ, ‘ಗುಡ್ ಮಾರ್ನಿಂಗ್’ ಅಂದ, ನಿಂತ. ನಾನು ಸರಿಯಲಿಲ್ಲ.