ಹನ್ನೊಂದನೇ ಗಿಟಾರಿನ ಗಂಟು

ಅರವತ್ತೆರಡು ವರ್ಷದ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟರೆ ಜನ ಏನೇನು ಅನ್ನಬಹುದೋ ಅದನ್ನೆಲ್ಲ ಆಗಲೇ ಅಂದಾಗಿತ್ತು. ಎದುರು ಮನೆಯ ದರ್ಜಿ, "ಬಾರಿಸೋಕೆ ಬರುತ್ತಾ?" ಎಂದು ಕೇಳಿದ. ನರ್ಸ್ ಆಗಿರುವ ಮಗಳು, "ಮಂಡಿ ತೋರಿಸ್ಕೊಳಮ್ಮಾ ಅಂದ್ರೆ ದುಡ್ಡು ದಂಡ ಅಂತೀಯ, ಗಿಟಾರ್ ಬೇಕಾ?" ಎಂದಳು. ಒಂದು ತಂತಿಯನ್ನೂ ಮೀಟಲು ಬಾರದ ಗಿರಗಿಟ್ಲೆ ಬೆಳಗಿನಿಂದ ಮೂರು ಸಲ ತಲೆ ಬಾಚಿಕೊಂಡಿದ್ದಳು.

ಗಿರಗಿಟ್ಲೆ ಎಂಬುದು ಅವಳಿಗೆ ಕಾರ್ಖಾನೆಯಲ್ಲಿ ಬಿದ್ದ ಹೆಸರು. ರೇಡಿಯೋ ಮಾಡುತ್ತಿದ್ದ ಆ ಕಾರ್ಖಾನೆಯವರು ಒಂದು ವರ್ಷ ಇದ್ದಕ್ಕಿದ್ದಂತೆ ಎಲೆಕ್ಟ್ರಿಕ್ ಗಿಟಾರ್ ಮಾಡಲು ಹೊರಟರು. ಗಿಟಾರಿನ ತಂತಿಗಳ ಕೆಳಗೆ, ಅಯಸ್ಕಾಂತದ ಸುತ್ತ, ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆಯ ಸುರುಳಿಯೊಂದಿರುತ್ತದೆ. ತಂತಿಯ ಮಿಡಿತ ಹಿಡಿದು ದನಿ ಹೊರಡಿಸುವುದು ಅದೇ. ಎಂಟು ಸಾವಿರ ಸುತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಪ್ಪತ್ಮೂರರ ಗಿರಗಿಟ್ಲೆ ಅದನ್ನು ಸುತ್ತುವ ಮೇಜಿನಲ್ಲಿ ಕೂತಿದ್ದಳು, ಕೂತಲ್ಲಿ ಕೂರದ ಹುಡುಗಿಗೆ ಕೂತು ಮಾಡುವ ಕೆಲಸ ಸಿಕ್ಕಿತ್ತು.

ಎಳೆ ತುಂಡಾದರೆ ಸುರುಳಿಯನ್ನು ಗುಜರಿಗೆ ಎಸೆದು ಮೊದಲಿನಿಂದ ಸುತ್ತಬೇಕು, ನಿಯಮ ಅಂದರೆ ನಿಯಮ. ತಯಾರಿಕೆ ಶುರುವಾದ ಮೊದಲ ದಿನವೇ, ಮನೆಗೆ ಹೋಗುವ ಗಂಟೆ ಇನ್ನೇನು ಬಾರಿಸಬೇಕು ಎನ್ನುವಾಗ, ಹನ್ನೊಂದನೇ ಗಿಟಾರಿನ ಎಳೆ ಅವಳ ಕೈಯಲ್ಲಿ ಪಟ್ಟನೆ ಹರಿಯಿತು. ಮೇಲ್ವಿಚಾರಕ ಆಗಲೇ ಎರಡು ಸಲ ಗದರಿದ್ದ. ಗಿರಗಿಟ್ಲೆ ಅತ್ತಿತ್ತ ನೋಡಿದಳು, ಎರಡೂ ತುದಿ ಹೊಸೆದು ಗಂಟು ಹಾಕಿದಳು, ಚಿಟಿಕೆ ಬೆಸುಗೆ ಇಟ್ಟಳು, ಮೇಲೊಂದು ಪಟ್ಟಿ ಅಂಟಿಸಿ ಸುತ್ತತೊಡಗಿದಳು. ಗಾಬರಿಯಲ್ಲಿ ಎಣಿಕೆಯೂ ತಪ್ಪಿತು. ಕಡಿಮೆಯಾಗುವುದಕ್ಕಿಂತ ಹೆಚ್ಚಾಗಲಿ ಎಂದು ಕೈ ಸೋಲುವವರೆಗೆ ಸುತ್ತಿದಳು.

ತಯಾರಾದ ಪ್ರತಿ ಗಿಟಾರನ್ನೂ ಬಾರಿಸಿ, ಕೇಳಿ, ಪಾಸು ಮಾಡಲು ಒಬ್ಬ ಯುವಕನಿದ್ದ. ಅವನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಮೂರನೇ ದಿನ ಅವನು ಅವಳ ಮೇಜಿನ ಮುಂದೆ ಬಂದು ನಿಂತು ಕೇಳಿದ:

"ಹನ್ನೊಂದನೇದು ಸುತ್ತಿದ್ದು ಯಾರು?"

ಗಿರಗಿಟ್ಲೆಯ ಕೈ ತಾನಾಗಿಯೇ ಎದ್ದು ಪಕ್ಕದ ಮೇಜಿನಲ್ಲಿ ಎಡಗೈಯಿಂದ ಸುತ್ತುವ ಗೆಳತಿಯ ಕಡೆ ತೋರಿಸಿತು. "ಅವಳು."

"ಹೌದಾ?" ಎಂದು ಅವನು ಹೊರಟುಹೋದ. ಆದರೆ ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ ಬಂದ. ಬಂದದ್ದು ಎಡಗೈಯವಳ ಮೇಜಿಗಲ್ಲ, ಇವಳ ಮೇಜಿಗೆ. ಏನೋ ಕೇಳುವುದು, ಏನೋ ಹೇಳುವುದು, ಹೋಗುವುದು. ಇದು ವಿಚಾರಣೆಯೇ ಸೈ ಎಂದುಕೊಂಡು ಅವಳು ಎರಡು ವರ್ಷ ನಡುಗಿದಳು. ಕೊನೆಗೊಂದು ದಿನ ಅವನು ಬೆವರುತ್ತ ಮದುವೆಯ ಮಾತೆತ್ತಿದಾಗ, "ಅಬ್ಬ, ಇಷ್ಟೇನಾ!" ಎಂದುಬಿಟ್ಟಳು.

ಮದುವೆಯಾಗಿ ಮೂವತ್ತೇಳು ವರ್ಷವಾಯಿತು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಗಿರಗಿಟ್ಲೆ ಮನೆಯ ಮುಂದಿನ ಕೋಣೆಯಲ್ಲೇ ಸುಟ್ಟ ಫ್ಯಾನುಗಳಿಗೂ ಪಂಪುಗಳಿಗೂ ಹೊಸ ಸುರುಳಿ ಸುತ್ತಿಕೊಂಡು ಮಗಳನ್ನು ಓದಿಸಿದಳು. ಗಂಡನಿಗೆ ಹೇಳದೆ ಉಳಿಸಿಕೊಂಡದ್ದು ಹನ್ನೊಂದನೇ ಗಿಟಾರಿನ ಗುಟ್ಟೊಂದೇ. ಕಟ್ಟಿಕೊಂಡವನ ಜೊತೆ ಆಡಿದ ಮೊದಲ ಮಾತೇ ಸುಳ್ಳು, ಅದೂ ಬೇರೆಯವಳ ಮೇಲೆ ಹೊರಿಸಿದ ಸುಳ್ಳು. ಅದು ಸಾಲದೆಂಬಂತೆ, ಯಾರೋ ಪಾಪದವರು ಆಸೆಪಟ್ಟು ಕೊಂಡ ಗಿಟಾರು ತನ್ನ ಗಂಟಿನ ದೆಸೆಯಿಂದ ಮೂಕವಾಗಿ ಅಟ್ಟ ಸೇರಿರಬೇಕು ಎಂಬ ಕೊರಗು ಬೇರೆ.

ಹೀಗಿರುವಾಗ ಮಗಳು ಫೋನು ಹಿಡಿದುಕೊಂಡು ಬಂದಳು. "ನೋಡಿಲ್ಲಿ, ನಿಮ್ಮ ಕಾರ್ಖಾನೇದೇ. ಮೊದಮೊದಲು ಮಾಡಿದ್ದಂತೆ. ಅಂಥಾವಕ್ಕೆ ಜನ ಈಗ ಹುಡುಕಾಡ್ತಾರಂತೆ. ನಂಬರ್ ಹನ್ನೊಂದು."

"ತಗೋಬೇಕು," ಎಂದಳು ಗಿರಗಿಟ್ಲೆ, ಕೈಯಲ್ಲಿದ್ದ ಫ್ಯಾನು ಕೆಳಗಿಡದೆ.

ಗಂಡ ಪೇಪರಿನಿಂದ ತಲೆ ಎತ್ತಿದ. "ಹನ್ನೊಂದಾ? ಅದ್ಯಾಕೆ? ಬೇರೆ ನಂಬರ್ ಸಿಕ್ಕಿದ್ರೆ ನೋಡೋಣ ಬಿಡು."

"ಹನ್ನೊಂದೇ ಬೇಕು. ನನ್ನ ಫ್ಯಾನಿನ ದುಡ್ಡು, ನನ್ನಿಷ್ಟ."

ಜಿಪುಣ, ಎಂದುಕೊಂಡಳು ಮನಸ್ಸಿನಲ್ಲಿ.

ಮಾರುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಗೋಡೆಯ ತುಂಬ ಗಿಟಾರುಗಳೇ. "ಎಂಟಿವೆ. ಎಂಟನೇದು ಇರಬೇಕು ಇಲ್ಲಾ ನಾನಿರಬೇಕು ಅಂತ ಹೆಂಡತಿ ಹೇಳಿದಾಳೆ," ಎನ್ನುತ್ತ ಕೆಂಪು ಬಣ್ಣದ್ದೊಂದನ್ನು ಇಳಿಸಿದರು. ಗಿಟಾರಿಗೆ ಸ್ಪೀಕರಿನ ವೈರು ಸಿಕ್ಕಿಸಿ, ತಂತಿ ಮೀಟಿದರು. ಟಿಣ್ ಎಂಬ ಬಡ ಸದ್ದೊಂದು ಬಂತು, ಅಷ್ಟೇ. ಹೋಯಿತು, ಮೂಕವಾಗಿದೆ, ನಾನೇ ಕೊಂದೆ ಎಂದುಕೊಂಡಳು ಗಿರಗಿಟ್ಲೆ.

"ಓ, ಸ್ವಿಚ್ಚು," ಎಂದರು ಡಾಕ್ಟರು.

ಆಮೇಲೆ ಬಂದ ದನಿಗೆ ಕಿಟಕಿಯ ಗಾಜು ಝುಂ ಎಂದಿತು. ದುಂಡನೆಯ, ತುಂಬಿದ, ಎದೆಗೇ ಬಂದು ಕೂರುವಂಥ ದನಿ. ಗಿರಗಿಟ್ಲೆ ಕಿಲಕಿಲ ನಗತೊಡಗಿದಳು, ನಿಲ್ಲಿಸಲಾಗಲಿಲ್ಲ. ಒಳಗೆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿದ್ದ ರೋಗಿ ಕೂಡ "ಆಆ" ಎಂದು ಮೆಚ್ಚುಗೆ ಸೂಚಿಸಿದ.

"ಈ ಮಾದರೀದು ಇನ್ನೂ ನಾಲ್ಕು ಕೇಳಿದೀನಿ. ಯಾವುದಕ್ಕೂ ಈ ದನಿ ಇಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ," ಎಂದರು ಡಾಕ್ಟರು. ಗೊತ್ತಿರುವವಳು ಎದುರಿಗೇ ನಿಂತು ನಾಲಿಗೆ ಕಚ್ಚಿಕೊಂಡಿದ್ದಳು. "ಒಂದು ಮಾತು. ಇದರ ತಿರುಪುಗಳನ್ನ ಇವತ್ತಿನವರೆಗೂ ಯಾರೂ ಬಿಚ್ಚಿಲ್ಲ. ಬೆಲೆಯೆಲ್ಲಾ ಅದಕ್ಕೇ. ದಯವಿಟ್ಟು ಬಿಚ್ಚಬೇಡಿ."

"ಖಂಡಿತಾ ಬಿಚ್ಚಲ್ಲ!" ಎಂದ ಜೊತೆಗೆ ಬಂದಿದ್ದ ಗಂಡ, ಯಾರೂ ಅವನನ್ನು ಕೇಳಿರಲಿಲ್ಲವಾದರೂ. ಗಿಟಾರು ನುಡಿದಷ್ಟು ಹೊತ್ತೂ ಅವನು ಚೆನ್ನಾಗಿ ಕೇಳುವ ಬಲಗಿವಿ ಮುಂದೆ ಮಾಡಿ ಕಣ್ಣು ಮುಚ್ಚಿಕೊಂಡಿದ್ದ.

ಚೌಕಾಸಿಯ ಮಾತೇ ಬರಲಿಲ್ಲ. ಅಷ್ಟು ನಕ್ಕಮೇಲೆ ಯಾವ ಬಾಯಲ್ಲಿ ಬೆಲೆ ಇಳಿಸಿ ಎನ್ನುವುದು? ಬಸ್ಸಿನಲ್ಲಿ ಗಿಟಾರಿನ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಕೂರಿಸಿ, ಗಂಡನನ್ನು ನಿಲ್ಲಿಸಿದಳು. ಕಂಡಕ್ಟರು, "ಇದಕ್ಕೂ ಟಿಕೆಟ್ ಆಗುತ್ತಮ್ಮಾ," ಎಂದ.

"ಅರ್ಧ ಹರೀರಿ. ಇನ್ನೂ ನಲವತ್ತು ತುಂಬಿಲ್ಲ ಇದಕ್ಕೆ."

ಕಂಡಕ್ಟರು ನಕ್ಕು ಮುಂದೆ ಹೋದ. ಗಿರಗಿಟ್ಲೆಯ ಕಾಲು ನೆಲದ ಮೇಲಿರಲಿಲ್ಲ. ತಪ್ಪು ಮಾಡಿ ಸುತ್ತಿದ್ದು ಇಷ್ಟು ಚೆನ್ನಾಗಿ ಹಾಡುತ್ತದೆಂದರೆ, ಇನ್ನು ಹೇಳಿಬಿಡಬಹುದು. ಇವತ್ತೇ. ಗಂಟನ್ನು ಕಣ್ಣಾರೆ ತೋರಿಸಿ, ಸುಳ್ಳು ಹೇಳಿದ್ದೆ ರೀ ಎಂದುಬಿಡಬೇಕು. ಬೈದರೆ ಬೈಸಿಕೊಳ್ಳುವುದು.

ಆದರೆ ಮನೆಗೆ ಬಂದು ನೋಡಿದರೆ ಸ್ಕ್ರೂಡ್ರೈವರ್ ಮಾಯ. ಸುರುಳಿ ಸುತ್ತುವವಳ ಮನೆ, ಆರು ಸ್ಕ್ರೂಡ್ರೈವರ್ ಇದ್ದವು, ಆರೂ ಇಲ್ಲ!

"ರೀ, ನೋಡಿದ್ರಾ?"

"ನಾನ್ಯಾಕೆ ತಗೊಳ್ಳಲಿ? ನಾನು ಮುಟ್ಟೇ ಇಲ್ಲ! ಡಾಕ್ಟ್ರು ಬಿಚ್ಚಬೇಡಿ ಅಂದಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಿಗೇನಾಗಿದೆ ಎಂದು ಗಿರಗಿಟ್ಲೆ ಹುಬ್ಬು ಗಂಟಿಕ್ಕಿದಳು. ಅವನು ಚಹಾ ಮಾಡಲು ಅಡುಗೆಮನೆಗೆ ಹೋದದ್ದೇ ತಡ, ತಂತಿ ಸಡಿಲಿಸಿ, ಪರ್ಸಿನಿಂದ ನಾಣ್ಯವೊಂದನ್ನು ತೆಗೆದು ತಿರುಪಿಗೆ ಹಚ್ಚಿದಳು. ಹನ್ನೊಂದು ತಿರುಪು. ತಂತಿಗಳ ಕೆಳಗಿನ ಬಿಳಿ ಹಲಗೆ ಮೇಲೆದ್ದಿತು. ಅದರ ಬೆನ್ನಿಗೆ ಸುರುಳಿ, ಸುರುಳಿಯ ಅಂಚಿನಲ್ಲಿ ಪಟ್ಟಿಯ ಕೆಳಗೆ ಅವಳದೇ ಗಂಟು, ಜೋಳದ ಕಾಳಿನಷ್ಟು ಉಬ್ಬಿಕೊಂಡು.

ಅದರ ಪಕ್ಕದಲ್ಲಿ, ಹಲಗೆಯ ಹಿಂಬದಿಗೆ, ಪೆನ್ಸಿಲ್ಲಿನಲ್ಲಿ ಬರೆದ ಅಕ್ಷರಗಳಿದ್ದವು. ದಿನಾ ದಿನಸಿ ಚೀಟಿಯಲ್ಲಿ ನೋಡುವ ಕೈಬರಹ.

"ಒಳಗೆ ಗಂಟಿದೆ. ಸುತ್ತೂ ಹೆಚ್ಚು. ದನಿ ಚೆನ್ನಾಗಿದೆ. ಸುತ್ತಿದವಳನ್ನು ಕೇಳಿದೆ, ಸುಳ್ಳು ಹೇಳಿದಳು. ಅವಳೂ ಚೆನ್ನಾಗಿದ್ದಾಳೆ. ಪಾಸು."

ಎರಡು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತ ಗಂಡನ ಮುಖ ಕಿವಿಯವರೆಗೂ ಕೆಂಪಾಗಿತ್ತು. "ಇಪ್ಪತ್ತೈದರ ಬುದ್ಧಿ. ದನಿ ಬೇರೆ ಥರ ಅನ್ನಿಸ್ತು, ಬಿಚ್ಚಿ ನೋಡಿದ್ದೆ. ಯಾರೂ ಬಿಚ್ಚಲ್ಲ ಅಂತ ಬರೆದೆ. ಕೆಲಸ ಹೋಗ್ತಿತ್ತು ಸಿಕ್ಕಿಬಿದ್ದಿದ್ರೆ."

"ನಿಮಗೆ ಗೊತ್ತಿತ್ತಾ? ಮೊದಲಿಂದಾನಾ?"

"ಎಡಗೈಯವಳು ಸುತ್ತಿದ್ರೆ ಎಳೆ ಆ ಕಡೆ ತಿರುಗಿರುತ್ತೆ ಕಣೇ. ಇದು ಈ ಕಡೆ ತಿರುಗಿದೆ. ಸುತ್ತೋರು ಇದ್ದದ್ದೇ ನೀವಿಬ್ರು."

"ಮತ್ತೆ ಒಂದು ಮಾತು ಹೇಳೋದಲ್ವಾ? ಮೂವತ್ತೊಂಬತ್ತು ವರ್ಷ ಹೊಟ್ಟೇಲಿಟ್ಕೊಂಡು ಸತ್ತೆನಲ್ರೀ ನಾನು!"

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು."

ಗಿರಗಿಟ್ಲೆ ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡು, ಹಲಗೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ನೇರ ಕೂತಳು. ಕಾರ್ಖಾನೆಯ ಮೇಜಿನಲ್ಲಿ ಕೂರುತ್ತಿದ್ದದ್ದು ಹಾಗೇ.

"ಆವತ್ತು ಕೇಳಿದ್ರಲ್ಲ, ಇನ್ನೊಂದ್ಸಲ ಕೇಳಿ."

ಅವನು ಲೋಟಗಳನ್ನು ಕೆಳಗಿಟ್ಟ. ಅಂಗಿ ಸರಿಮಾಡಿಕೊಂಡು ಅವಳ ಮುಂದೆ ಬಂದು ನಿಂತ.

"ಹನ್ನೊಂದನೇದು ಸುತ್ತಿದ್ದು ಯಾರು?"

"ನಾನು," ಎಂದಳು ಗಿರಗಿಟ್ಲೆ.